ಒಳದಾರಿಯ ಮನೆ, ಗೇಟಿನ ನಾಯಿ, ಒಳಗಿನ ಮಂದಿ: ಹೊಸಬರಿಗೆ ರಾತ್ರಿಯೂ ಮನೆ ಸಿಗಬೇಕಾದರೆ ಏನೇನು ಮಾಡಬೇಕು?

ಕವಲುದಾರಿ

ಮನೆಗಳು ಒಂದಕ್ಕೊಂದು ದೂರ ಇರುವ ಕಡೆ ಕಾಗದದ ಮೇಲಿನ ವಿಳಾಸಕ್ಕೂ ನೆಲದ ಮೇಲಿನ ಮನೆಗೂ ಸಂಬಂಧವೇ ಇರುವುದಿಲ್ಲ. ಊರಿನ ಹೆಸರು, ಮನೆಯ ಹೆಸರು, ಅಂಚೆ ಸಂಖ್ಯೆ ಎಲ್ಲ ಸರಿ ಇದ್ದರೂ ಬಂದವರು ಎರಡು ಕವಲು ಮುಂದೆ ಹೋಗಿ ಫೋನ್ ಮಾಡುತ್ತಾರೆ. ಪಾರ್ಸೆಲ್ ಆದರೆ ಪರವಾಗಿಲ್ಲ, ನಾಳೆ ಬರುತ್ತದೆ. ಆಂಬುಲೆನ್ಸ್ ಆದರೆ? ಅಕ್ಕಪಕ್ಕದ ಏಳೆಂಟು ಮನೆಯವರು ಸೇರಿ ಇದನ್ನು ಒಂದು ಸಲ ಸರಿ ಮಾಡಿಕೊಳ್ಳುವ ವಿಚಾರ ಇದೆ. ಫಲಕ, ಸಂಖ್ಯೆ, ಮ್ಯಾಪು, ಜೊತೆಗೆ ಗೇಟಿನಲ್ಲಿ ಕಟ್ಟಿದ ನಾಯಿಗಳ ವಿಷಯ, ಇಷ್ಟನ್ನೂ ತಿಳಿದವರು ಬಿಡಿಸಿ ಹೇಳಿ.

ಅಂಚೆಚೀಲ

ಫಲಕದಿಂದ ಶುರು ಮಾಡಿ. ಎಲ್ಲರೂ ಅದನ್ನು ಮನೆಯ ಗೋಡೆಗೆ ಹೊಡೆಯುತ್ತಾರೆ. ಗೋಡೆ ಕಾಣುವಷ್ಟು ಹತ್ತಿರ ಬಂದವನಿಗೆ ಫಲಕ ಬೇಕಾಗಿಯೇ ಇಲ್ಲ. ಅದು ಇರಬೇಕಾದ ಜಾಗ ದೊಡ್ಡ ರಸ್ತೆಯಿಂದ ಒಳದಾರಿ ಒಡೆಯುವ ಬಾಯಿ.

ರಸ್ತೆಗೆ ಮುಖ ಮಾಡಿ ಸಮಾಂತರವಾಗಿ ನೆಟ್ಟರೆ ಗಾಡಿಯಲ್ಲಿ ಬರುವವರಿಗೆ ಅದು ಕಾಣುವುದು ದಾಟಿ ಹೋಗುವಾಗ. ರಸ್ತೆಗೆ ಅಡ್ಡವಾಗಿ ನೆಟ್ಟು ಎರಡೂ ಬದಿಗೆ ಅಂಕಿ ಹಾಕಿ, ಯಾವ ಕಡೆಯಿಂದ ಬಂದರೂ ಓದುವಂತಿರಲಿ. ಅಂಕಿಯ ಎತ್ತರ 10 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ನೆಲದಿಂದ ಒಂದರಿಂದ ಒಂದೂವರೆ ಮೀಟರ್ ಮೇಲಿದ್ದರೆ ಹುಲ್ಲು ಮುಚ್ಚುವುದಿಲ್ಲ, ಹೆಡ್‌ಲೈಟಿನ ಬೆಳಕೂ ಬೀಳುತ್ತದೆ. ಸಾದಾ ಬಣ್ಣದ ಅಂಕಿ ಹಗಲಿಗಷ್ಟೇ. ರಾತ್ರಿ ಕಾಣಬೇಕಾದರೆ ರಸ್ತೆ ಫಲಕಗಳಿಗೆ ಹಾಕುವ ಬೆಳಕು ಹಿಂದೆಸೆಯುವ ರೇಡಿಯಂ ಹಾಳೆಯೇ ಬೇಕು.

ಹಾಳೆ ಬೇಗ ಹಾಳಾಗುವುದು ತಗಡಿನಿಂದ. ಕಬ್ಬಿಣದ ತಗಡು ಒಳಗೊಳಗೇ ತುಕ್ಕು ಹಿಡಿದು ಹಾಳೆಯನ್ನು ಗುಳ್ಳೆಯೆಬ್ಬಿಸುತ್ತದೆ. ಅಲ್ಯೂಮಿನಿಯಂ ತಗಡು ತೆಗೆದುಕೊಂಡು, ಜಿಡ್ಡು ಹೋಗುವಂತೆ ಸಾಬೂನಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಅಂಟಿಸಿ. ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹಾಕಬೇಡಿ, ಮಳೆನೀರು ಸೇರಿದರೆ ಎರಡು ಲೋಹ ತಾಗಿದ ಜಾಗವೇ ಕೊರೆದು ಫಲಕ ಕಳಚುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕಂಬ ನೆಲದೊಳಗೆ ಅರ್ಧ ಮೀಟರ್ ಆದರೂ ಇಳಿದಿರಲಿ, ಇಲ್ಲದಿದ್ದರೆ ದನ ಮೈ ಉಜ್ಜಿದರೆ ಸಾಕು, ವಾಲುತ್ತದೆ.

ಇನ್ನೊಂದು ಮುಖ್ಯ. ಒಂದೇ ಒಳದಾರಿಯಲ್ಲಿ ನಾಲ್ಕು ಮನೆ ಇದ್ದರೆ ನಾಲ್ಕೂ ಸಂಖ್ಯೆ ಬಾಯಲ್ಲೇ ಬಾಣದ ಸಮೇತ ಇರಬೇಕು, ಒಳಗೆ ಪ್ರತಿ ಕವಲಿನಲ್ಲೂ ಮತ್ತೆ ಬರಬೇಕು. ಗುರುತಿಲ್ಲದ ಕವಲಿನಲ್ಲಿ ಹೊಸಬರು ಅಗಲವಾದ ದಾರಿಯನ್ನೇ ಹಿಡಿಯುತ್ತಾರೆ, ಅದು ಎಷ್ಟೋ ಸಲ ಗದ್ದೆಗೆ ಟ್ರ್ಯಾಕ್ಟರ್ ಹೋಗುವ ದಾರಿ ಆಗಿರುತ್ತದೆ.

ನಕ್ಷೆಗೀಟು

ಅಂಚೆಚೀಲ ಅಣ್ಣ ಹೇಳಿದ್ದಕ್ಕೆ ಸಂಖ್ಯೆಯ ವಿಷಯ ಸೇರಿಸುತ್ತೇನೆ. ಒಂದು, ಎರಡು, ಮೂರು ಅಂತ ಸಾಲಾಗಿ ಕೊಡಬೇಡಿ. ಎರಡಕ್ಕೂ ಮೂರಕ್ಕೂ ನಡುವೆ ಹೊಸ ಮನೆ ಎದ್ದ ದಿನ ಆ ಲೆಕ್ಕ ಕೆಡುತ್ತದೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹಳ್ಳಿಗಾಡಿನಲ್ಲಿ ನಡೆಯುವುದು ದೂರದ ಲೆಕ್ಕ. ರಸ್ತೆ ಶುರುವಾಗುವ ಜಾಗದಿಂದ ಗೇಟಿನವರೆಗೆ ಎಷ್ಟು ಮೀಟರ್ ಅಂತ ಅಳೆದು ಹತ್ತರಿಂದ ಭಾಗಿಸುತ್ತಾರೆ. ಎಡಬದಿಗೆ ಬೆಸ, ಬಲಬದಿಗೆ ಸಮ. ಗೇಟು 640 ಮೀಟರ್‌ನಲ್ಲಿ ಬಲಕ್ಕಿದ್ದರೆ ಸಂಖ್ಯೆ 64, ಎಡಕ್ಕಿದ್ದರೆ ಹತ್ತಿರದ ಬೆಸಸಂಖ್ಯೆ 63 ಅಥವಾ 65. ಫಲಕದಲ್ಲಿ 1530 ಅಂತ ಇದ್ದರೆ ರಸ್ತೆಯ ಶುರುವಿನಿಂದ 15.3 ಕಿಲೋಮೀಟರ್. ಸಂಖ್ಯೆ ನೋಡಿದರೇ ಇನ್ನೆಷ್ಟು ದೂರ, ಯಾವ ಕೈ ಅಂತ ಗೊತ್ತಾಗುತ್ತದೆ. ಹೊಸ ಮನೆ ಬಂದರೆ ಅದರ ದೂರವೇ ಅದರ ಸಂಖ್ಯೆ, ಉಳಿದವು ಕದಲುವುದಿಲ್ಲ. ಈ ವ್ಯವಸ್ಥೆಯಷ್ಟು ಅಚ್ಚುಕಟ್ಟಾದದ್ದು ಹಳ್ಳಿಗಾಡಿಗೆ ಬೇರೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಳತೆಯಲ್ಲಿ ಎಡವುವುದು ಎರಡು ಕಡೆ. ಬೈಕಿನ ಮೀಟರು ತೋರಿಸುವುದು 100 ಮೀಟರಿನ ಲೆಕ್ಕ, ಇಲ್ಲಿ ಬೇಕಿರುವುದು 10 ಮೀಟರಿನದು. ಹಾಗಾಗಿ ಟೇಪ್ ಹಿಡಿಯಿರಿ, ಇಲ್ಲವೇ ಮ್ಯಾಪಿನ ದೂರ ಅಳೆಯುವ ಸೌಲಭ್ಯದಲ್ಲಿ ರಸ್ತೆಯ ತಿರುವಿಗೆ ತಕ್ಕಂತೆ ಚುಕ್ಕೆ ಇಡುತ್ತ ಹೋಗಿ. ಎರಡನೆಯದು, ಸೊನ್ನೆ ಎಲ್ಲಿ ಅನ್ನುವುದು. ದೊಡ್ಡ ರಸ್ತೆಗೆ ಸೇರುವ ಕೂಡುರಸ್ತೆಯನ್ನು ಸೊನ್ನೆ ಅಂತ ಎಲ್ಲರೂ ಒಪ್ಪಿ ಬರೆದಿಡಿ. ಇಬ್ಬರು ಎರಡು ತುದಿಯಿಂದ ಅಳೆದರೆ ಕೆಲಸ ಹಾಳು.

ಸ್ಥಳೀಯ ಆಡಳಿತ ಕೊಟ್ಟ ಮನೆ ಸಂಖ್ಯೆ ಇದ್ದರೆ ದಾಖಲೆಗಳಲ್ಲಿ, ಅರ್ಜಿಗಳಲ್ಲಿ ಅದನ್ನೇ ಬರೆಯಿರಿ. ನಾವೇ ಹಾಕಿಕೊಂಡ ಸಂಖ್ಯೆ ದಾರಿ ತೋರಿಸಲಷ್ಟೇ.

ಕವಲುದಾರಿ

ದೂರದ ಲೆಕ್ಕ ತುಂಬ ಹಿಡಿಸಿತು. ಮ್ಯಾಪಿನ ವಿಷಯಕ್ಕೆ ಬನ್ನಿ. ಲೊಕೇಶನ್ ಕಳಿಸಿದರೂ ಜನ ಹಿಂದಿನ ರಸ್ತೆಗೆ ಹೋಗಿ, ನಡುವೆ ಹಳ್ಳ ಇದೆ ಅಂತ ಫೋನ್ ಮಾಡುವುದು ಯಾಕೆ?

ನಕ್ಷೆಗೀಟು

ಯಾಕೆಂದರೆ ಪಿನ್ನು ಮನೆಯ ಮಾಡಿನ ಮೇಲಿದೆ. ದಾರಿ ತೋರಿಸುವ ಆ್ಯಪ್ ಆ ಬಿಂದುವಿಗೆ ತೀರ ಹತ್ತಿರದ ರಸ್ತೆ ಯಾವುದು ಅಂತ ನೋಡಿ ಅಲ್ಲಿಗೆ ಒಯ್ಯುತ್ತದೆ. ನಡುವೆ ಹಳ್ಳವೋ ಬೇಲಿಯೋ ಇದೆ ಅಂತ ಅದಕ್ಕೆ ತಿಳಿಯದು. ನಿಮ್ಮ ಒಳದಾರಿ ಮ್ಯಾಪಿನಲ್ಲಿ ಇಲ್ಲದಿದ್ದರೆ ಹಿತ್ತಲ ಕಡೆಯ ರಸ್ತೆಯೇ ಗೆಲ್ಲುತ್ತದೆ. ಪಿನ್ನನ್ನು ಒಳದಾರಿಯ ಬಾಯಲ್ಲಿ, ಇಲ್ಲವೇ ಗೇಟಿನಲ್ಲಿ ಇಡಿ. ಬಯಲಿನಲ್ಲಿ ನಿಂತು ಒಂದೆರಡು ನಿಮಿಷ ಕಾದು, ಮ್ಯಾಪಿನಲ್ಲಿ ನಿಮ್ಮ ಚುಕ್ಕೆಯ ಸುತ್ತಲಿನ ನೀಲಿ ವೃತ್ತ ಕಿರಿದಾದ ಮೇಲೆ ಸ್ಥಳ ತೆಗೆದುಕೊಳ್ಳಿ. ತೆರೆದ ಆಕಾಶದಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಹೇಳುತ್ತದೆ. ಮರದ ಕೆಳಗೆ, ಮನೆಯೊಳಗೆ ಆ ನಂಬಿಕೆ ಬೇಡ.

ಮೂಲದಲ್ಲೇ ಸರಿ ಮಾಡಬೇಕಾದರೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಒಳದಾರಿಯ ಗೆರೆಯನ್ನು ನೀವೇ ಎಳೆಯಬಹುದು. ಅದನ್ನು ಬಳಸುವ ಆ್ಯಪ್‌ಗಳಲ್ಲಿ ನಿಧಾನವಾಗಿ ಬರುತ್ತದೆ. ಒಂದೇ ಎಚ್ಚರ: ಗೆರೆ ದೊಡ್ಡ ರಸ್ತೆಯ ಗೆರೆಗೆ ತಾಗಿದಂತೆ ಕಂಡರೆ ಸಾಲದು, ಎರಡೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಕೂದಲೆಳೆ ಸಂದು ಉಳಿದರೂ ಆ್ಯಪಿನ ಕಣ್ಣಿಗೆ ಅದು ದಾರಿಯಲ್ಲ. ಗೇಟು, ಮನೆ ಸಂಖ್ಯೆ ಹಾಕಬಹುದು. ವಾಸಿಸುವವರ ಹೆಸರು ಹಾಕಬೇಡಿ, ಅದು ಎಲ್ಲರೂ ನೋಡುವ ನಕ್ಷೆ.

ಇನ್ನು ಅಕ್ಷಾಂಶ, ರೇಖಾಂಶ. ದಶಮಾಂಶದಲ್ಲಿ ಬರೆದರೆ ನಾಲ್ಕನೇ ಸ್ಥಾನದವರೆಗಿನ ಅಂಕಿ ಸುಮಾರು 11 ಮೀಟರಿನ ಲೆಕ್ಕ, ಐದನೆಯದು ಸುಮಾರು 1 ಮೀಟರ್. ಐದು ಸಾಕು. ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ದೊಡ್ಡ ಎಡವಟ್ಟು ಆಗುವುದು ಡಿಗ್ರಿ, ನಿಮಿಷದ ಲೆಕ್ಕವನ್ನು ದಶಮಾಂಶ ಅಂದುಕೊಂಡಾಗ. 12 ಡಿಗ್ರಿ 30 ನಿಮಿಷ ಅಂದರೆ 12.5. ಅದನ್ನು 12.30 ಅಂತ ಹೊಡೆದರೆ ಸುಮಾರು 22 ಕಿಲೋಮೀಟರ್ ಆಚೆ ಹೋಗಿ ನಿಲ್ಲುತ್ತಾರೆ.

ಪ್ಲಸ್ ಕೋಡ್ ಇನ್ನೂ ಸುಲಭ, ಅದು ನೆಲದ ಮೇಲಿನ ಒಂದು ಸಣ್ಣ ಚೌಕಕ್ಕೆ ಅಕ್ಷರ, ಅಂಕಿಗಳಲ್ಲಿ ಕೊಟ್ಟ ಗುರುತು. ಹತ್ತು ಚಿಹ್ನೆಗಳ ಕೋಡ್ ಸುಮಾರು 14 ಮೀಟರ್ ಚೌಕವನ್ನು ಹೇಳುತ್ತದೆ, ಹನ್ನೊಂದನೆಯದು ಸೇರಿದರೆ ಸುಮಾರು 3 ಮೀಟರ್. ಹತ್ತಿರದ ಪಟ್ಟಣದ ಹೆಸರು ಜೊತೆಗಿದ್ದರೆ ಮೊದಲ ನಾಲ್ಕು ಬಿಡಬಹುದು. ಒಂದರಂತೆ, ಸೊನ್ನೆಯಂತೆ ಕಾಣುವ ಅಕ್ಷರಗಳನ್ನೂ ಸ್ವರಗಳನ್ನೂ ಅದರಲ್ಲಿ ಬಿಟ್ಟಿದ್ದಾರೆ, ಆದ್ದರಿಂದ ಬರೆದುಕೊಳ್ಳುವಾಗ ತಪ್ಪು ಕಡಿಮೆ. ಕೋಡನ್ನು ಗೇಟಿನ ಫಲಕದಲ್ಲಿ ಸಣ್ಣದಾಗಿ ಬರೆಸಿ, ದಪ್ಪ ಅಂಕಿ ಮಾತ್ರ ಮನೆ ಸಂಖ್ಯೆಯದೇ ಇರಲಿ.

ಬೆಳ್ಳಿಮೀಸೆ

ಮನೆಯಲ್ಲಿ ಹಗಲು ಇರುವವರು ವಯಸ್ಸಾದವರು, ಮಕ್ಕಳು. ಅವರ ಬಳಿ ಇರುವುದು ಬಟನ್ ಫೋನು. ಕೋಡು, ಪಿನ್ನು ಎಲ್ಲ ಅವರ ಕೈಗೆ ಎಟುಕದು. ಬಾಯಲ್ಲಿ ದಾರಿ ಹೇಳುವುದನ್ನು ಸರಿಯಾಗಿ ಹೇಳಿಕೊಡುವವರು ಬೇಕು.

ಅಂಚೆಚೀಲ

ಸತ್ಯವಾದ ಮಾತು ಅಜ್ಜ. ಬಾಯಲ್ಲಿ ಹೇಳುವ ದಾರಿಯಲ್ಲಿ ಮೊದಲು ಕೆಡುವುದು ಎಡ, ಬಲ. ನಮ್ಮ ಎಡ ಯಾವುದು ಅನ್ನುವುದು ಬರುವವರು ಯಾವ ಕಡೆಯಿಂದ ಬರುತ್ತಾರೆ ಅನ್ನುವುದರ ಮೇಲಿದೆ. ಆದ್ದರಿಂದ ಪ್ರತಿ ಸಲ ಶುರು "ನೀವು ಯಾವ ಊರ ಕಡೆಯಿಂದ ಬರುತ್ತಿದ್ದೀರಿ?" ಅಂತ ಕೇಳುವುದರಿಂದ ಆಗಬೇಕು. ಈ ದಾರಿಯನ್ನು ಒಂದು ಕಾರ್ಡಿನಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ಬರೆದಿಡಿ.

ಗುರುತು ಹೇಳುವಾಗ ಕದಲದ್ದನ್ನು ಹೇಳಿ. ಮರ ಕಡಿಯುತ್ತಾರೆ, ಅಂಗಡಿ ಮುಚ್ಚುತ್ತದೆ, ನೀಲಿ ಗೇಟಿಗೆ ಹಸಿರು ಬಳಿಯುತ್ತಾರೆ. ಮೋರಿ, ಕಿಲೋಮೀಟರ್ ಕಲ್ಲು, ಟ್ಯಾಂಕು, ಶಾಲೆ ನಿಲ್ಲುತ್ತವೆ. ಕರೆಂಟು ಕಂಬದ ಮೇಲೆ ಸಂಖ್ಯೆ ಇದ್ದರೆ ಬರೆದಿಟ್ಟುಕೊಳ್ಳಿ. ದಾಟಿ ಹೋದರೆ ಗೊತ್ತಾಗುವ ಗುರುತು ಒಂದನ್ನು ತಪ್ಪದೆ ಸೇರಿಸಿ: "ಸೇತುವೆ ಸಿಕ್ಕಿತು ಅಂದರೆ ಮುಂದೆ ಬಂದಿದ್ದೀರಿ, ತಿರುಗಿಸಿ" ಅಂತ. ಬಹಳ ಜನ ಇದೊಂದನ್ನು ಹೇಳುವುದೇ ಇಲ್ಲ, ಬಹಳ ಸಮಯ ಹಾಳಾಗುವುದು ಇಲ್ಲೇ.

ಫೋನ್ ಇರುವ ಗೋಡೆಗೆ ಅಂಟಿಸುವ ಕಾರ್ಡಿನಲ್ಲಿ ಹೀಗಿರಲಿ: ದೊಡ್ಡ ಊರಿನಿಂದ ದೂರ, ಕವಲಿನ ಗುರುತು, ಕವಲಿನಿಂದ ಗೇಟಿಗೆ ಎಷ್ಟು ಮೀಟರ್, ದಾಟಿದರೆ ಸಿಗುವ ಗುರುತು, ಮನೆ ಸಂಖ್ಯೆ, ಅಕ್ಷಾಂಶ ರೇಖಾಂಶದ ಅಂಕಿಗಳು, ಈ ಫೋನಿನದೇ ಸಂಖ್ಯೆ, ಪಕ್ಕದ ಮನೆಯವರ ಸಂಖ್ಯೆ. ಗಾಬರಿಯಲ್ಲಿ ಸ್ವಂತ ನಂಬರೂ ಬಾಯಿಗೆ ಬರುವುದಿಲ್ಲ. ಅಕ್ಷರ ದೊಡ್ಡದಾಗಿ, ಕಪ್ಪು ಶಾಯಿಯಲ್ಲಿ, ಮೇಲೆ ಪ್ಲಾಸ್ಟಿಕ್ ಹಾಳೆ. ತುರ್ತು ಸಂಖ್ಯೆಗೆ ಕರೆ ಮಾಡಿದಾಗ ಆ ಕಡೆಯವರು ಇಡಿ ಅನ್ನುವ ತನಕ ಫೋನ್ ಇಡಬಾರದು ಅಂತಲೂ ಅದರಲ್ಲೇ ಬರೆಯಿರಿ.

ನಕ್ಷೆಗೀಟು

ಡಾಟಾ ಇಲ್ಲದ ಕಡೆ ಲೊಕೇಶನ್ ಲಿಂಕ್ ತೆರೆಯುವುದಿಲ್ಲ. ಅಂಕಿಗಳನ್ನೇ ಎಸ್‌ಎಂಎಸ್‌ನಲ್ಲಿ ಬರೆದು ಕಳಿಸಿ. ಮೊದಲೇ ಡ್ರಾಫ್ಟ್ ಮಾಡಿ ಇಟ್ಟರೆ ಒತ್ತಿದರೆ ಆಯಿತು.

ಅಂದ ಹಾಗೆ ಒಳದಾರಿಯ ಅಗಲವನ್ನೂ ಅಳೆಯಿರಿ. ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿ ಅಗ್ನಿಶಾಮಕ ಗಾಡಿಗೆ 3.7 ಮೀಟರ್ ಅಗಲದ ದಾರಿ, 3.1 ಮೀಟರ್ ಗೇಟು, ತಲೆಯ ಮೇಲೆ 3.7 ಮೀಟರ್ ಖಾಲಿ ಜಾಗ ಕೇಳುತ್ತದೆ. ನಿಮ್ಮಲ್ಲಿ ಗಾಡಿ ಬೇರೆ ಅಳತೆಯದಿರಬಹುದು, ಆದರೂ ಕೊಂಬೆ ಸವರಲು, ಗೇಟು ಹೊಸದಾಗಿ ಮಾಡಿಸಲು ಒಳ್ಳೆಯ ಅಂದಾಜು. ಅಷ್ಟು ಅಗಲ ಇಲ್ಲ ಅಂದರೆ "ಆಂಬುಲೆನ್ಸ್ ಇಲ್ಲಿಯ ತನಕ ಮಾತ್ರ" ಅನ್ನುವ ಜಾಗವನ್ನು ಮೊದಲೇ ನಿಗದಿ ಮಾಡಿ ಕಾರ್ಡಿನಲ್ಲಿ ಬರೆಯಿರಿ.

ಮೂರುಮಕ್ಕಳಮ್ಮ

ಒಂದೇ ಅಂಗಳದಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ, ಮೂರು ಬಾಗಿಲು, ವಿಳಾಸ ಮಾತ್ರ ಒಂದು. ಇನಿಷಿಯಲ್ ಕೂಡ ಒಂದೇ. ಔಷಧದ ಪಾರ್ಸೆಲ್ ದೊಡ್ಡಪ್ಪನ ಮನೆಯಲ್ಲಿ ಎರಡು ದಿನ ಕೂರುತ್ತದೆ. ಇದಕ್ಕೇನು?

ಅಂಚೆಚೀಲ

ಅಕ್ಕ, ಸಂಖ್ಯೆಗೆ ಬಾಲ ಸೇರಿಸಿ: 64ಎ, 64ಬಿ, 64ಸಿ. ಗೇಟಿನಿಂದ ಒಳಗೆ ಬಂದಾಗ ಮೊದಲು ಸಿಗುವ ಬಾಗಿಲು ಎ. ವಯಸ್ಸಿನ ಪ್ರಕಾರ ಹಿರಿಯರಿಗೆ ಎ ಅಂತ ಕೊಡಬೇಡಿ, ಬರುವವರಿಗೆ ಮನೆಯ ಹಿರಿತನ ಗೊತ್ತಿರುವುದಿಲ್ಲ. ಗೇಟಿನಲ್ಲಿ ಮೂರು ಪೆಟ್ಟಿಗೆ, ಪ್ರತಿಯೊಂದರ ಮೇಲೂ ಅಲ್ಲಿರುವವರೆಲ್ಲರ ಪೂರ್ತಿ ಹೆಸರು. ಇನಿಷಿಯಲ್ ಬಿಡಿಸಿ ಬರೆಯಿರಿ. ಸೊಸೆಯ ಹೆಸರು, ಓದುವ ಮಕ್ಕಳ ಹೆಸರೂ ಇರಬೇಕು, ಕಾಗದಗಳು ಹೆಚ್ಚಾಗಿ ಬರುವುದು ಅವರಿಗೇ. ಊರಿನ ಹೆಸರಿನ ಕಾಗುಣಿತ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುವುದನ್ನೂ ನಿಲ್ಲಿಸಿ, ಎಲ್ಲರೂ ಒಂದಕ್ಕೇ ಅಂಟಿಕೊಳ್ಳಿ.

ಕವಲುದಾರಿ

ಇನ್ನು ನಾಯಿ. ಪೆಟ್ಟಿಗೆ ಗೇಟಿನಲ್ಲಿದ್ದರೂ ನಾಯಿಗೆ ಹೆದರಿ ಜನ ಹತ್ತಿರ ಬರುವುದಿಲ್ಲ. ಡಾಕ್ಟ್ರಮ್ಮ, ನೀವು ಹೇಳಬೇಕು.

ಪಶುವೈದ್ಯೆ

ನಾಯಿ ಯಾಕೆ ಅಂಚೆಯವರ ಮೇಲೆ ದಿನದಿಂದ ದಿನಕ್ಕೆ ಹೆಚ್ಚು ಹಾರುತ್ತದೆ ಅನ್ನುವುದನ್ನು ಮೊದಲು ತಿಳಿಯಿರಿ. ಅವರು ಬರುತ್ತಾರೆ, ಅದು ಬೊಗಳುತ್ತದೆ, ಅವರು ಹೋಗುತ್ತಾರೆ. ಹೋದದ್ದು ಕೆಲಸ ಮುಗಿದಿದ್ದಕ್ಕೆ, ನಾಯಿಗೆ ಮಾತ್ರ ತಾನು ಓಡಿಸಿದೆ ಅಂತ. ಪ್ರತಿದಿನ ಅದಕ್ಕೆ ಗೆಲುವೇ. ಗೇಟಿನಲ್ಲೇ ಸರಪಳಿಗೆ ಕಟ್ಟಿದರೆ ಇದು ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಹೆದರಿದರೂ ಹಿಂದೆ ಸರಿಯಲು ಅದಕ್ಕೆ ಜಾಗವಿಲ್ಲ.

ಜಾಗ ಬದಲಿಸುವುದು ಅರ್ಧ ಪರಿಹಾರ. ಗೇಟಿನಿಂದ ಬಾಗಿಲಿಗೆ ಬರುವ ದಾರಿಯಿಂದ, ಸರಪಳಿ ಪೂರ್ತಿ ಎಳೆದರೂ ಎರಡು ಮೀಟರ್ ಆಚೆ ಉಳಿಯುವಂತೆ ಕಟ್ಟಿ. ನೆರಳು, ನೀರು ಅದರ ಅಳವಿನೊಳಗೇ ಇರಲಿ. ಪೆಟ್ಟಿಗೆ ಗೇಟಿನ ಹೊರಮೈಗೆ, ಸರಳಿನ ಸಂದಿಯಿಂದ ಮೂತಿ ತಾಗದ ಕಡೆ. ಗಂಟೆಯ ಗುಂಡಿ ಹೊರಗೆ. "ನಾಯಿ ಇದೆ" ಅಂತ ಬರೆದು ಬಿಡಬೇಡಿ, "ಗಂಟೆ ಒತ್ತಿ ಹೊರಗೇ ನಿಲ್ಲಿ" ಅಂತ ಮುಂದಿನ ಕೆಲಸವನ್ನೂ ಬರೆಯಿರಿ, ಕೆಳಗೆ ಫೋನ್ ಸಂಖ್ಯೆ.

ಉಳಿದರ್ಧ ಅಭ್ಯಾಸ. ಗಂಟೆ ಬಾರಿಸಿದರೆ ಹಿತ್ತಲಲ್ಲಿ ತನ್ನ ಚಾಪೆಗೆ ಓಡಬೇಕು ಅಂತ ಕಲಿಸಿ. ಮೊದಲು ಗಂಟೆ ಇಲ್ಲದೆ ಚಾಪೆಗೆ ಕರೆದು ತಿಂಡಿಯ ಚೂರು ಕೊಡಿ. ಅದು ಪಾಠವಾದ ಮೇಲೆ ಮನೆಯವರೇ ಗಂಟೆ ಒತ್ತಿ, ಚಾಪೆಯಲ್ಲಿ ಚೂರು. ಆಮೇಲೆ ಪರಿಚಯದವರು ಹೊರಗೆ ನಿಂತು ಒತ್ತಲಿ. ಅಪರಿಚಿತರ ಸರದಿ ಕೊನೆಗೆ. ಒಂದು ಹೊತ್ತಿಗೆ ಐದು ನಿಮಿಷ ಸಾಕು, ದಿನ ತಪ್ಪಿಸಬಾರದು. ಬೊಗಳಿದಾಗ ಗದರುವುದರಿಂದ ಲಾಭವಿಲ್ಲ, ಯಜಮಾನನೂ ತನ್ನ ಜೊತೆ ಕೂಗುತ್ತಿದ್ದಾನೆ ಅಂತಲೇ ಅದು ತಿಳಿಯುವುದು.

ಇನ್ನೊಂದು ಮಾತು ಬೆಳ್ಳಿಮೀಸೆ ಅಜ್ಜನ ಕಾರ್ಡಿಗೆ ಸೇರಬೇಕು: ಆಂಬುಲೆನ್ಸ್‌ಗೆ ಫೋನ್ ಮಾಡಿದ ಮರುಕ್ಷಣ ನಾಯಿಯನ್ನು ಕೋಣೆಗೆ ಹಾಕಿ ಚಿಲಕ ಹಾಕುವುದು ಯಾರ ಕೆಲಸ ಅಂತ ಹೆಸರು ಬರೆದಿಡಿ. ಮಾಮೂಲಿಗೆ ಸಾಧುವಾದ ನಾಯಿಯೂ ಬಿದ್ದಿರುವ ಯಜಮಾನನ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಮೂರುಮಕ್ಕಳಮ್ಮ

ಮಕ್ಕಳು ಅಕ್ಕಪಕ್ಕದ ಮನೆಗಳಿಗೆ ಓಡಾಡುತ್ತಾರೆ, ದಾರಿಯಲ್ಲಿ ನಾಲ್ಕು ನಾಯಿ. ಏನು ಕಲಿಸಬೇಕು? ಕಚ್ಚಿದರೆ ಮೊದಲು ಏನು?

ಪಶುವೈದ್ಯೆ

ಉಣ್ಣುವ, ಮಲಗಿದ, ಮರಿ ಹಾಕಿದ, ಕಟ್ಟಿಹಾಕಿದ ನಾಯಿಯನ್ನು ಮುಟ್ಟಬಾರದು. ಅಟ್ಟಿಸಿಕೊಂಡು ಬಂದರೆ ಓಡಬಾರದು, ಕಿರುಚಬಾರದು. ಕೈ ಮೈಗೆ ಅಂಟಿಸಿ, ಕಣ್ಣು ನೆಲಕ್ಕಿಳಿಸಿ, ಮರದ ಹಾಗೆ ನಿಲ್ಲಬೇಕು. ಕೆಡವಿದರೆ ಮುದುಡಿ ಮಲಗಿ ಕೈಗಳಿಂದ ಕತ್ತು, ಕಿವಿ ಮುಚ್ಚಿಕೊಳ್ಳಬೇಕು. ಇದನ್ನು ಆಟದಂತೆ ಆಡಿಸಿ ಕಲಿಸಿ, ಬಾಯಿಮಾತು ಆ ಹೊತ್ತಿಗೆ ನೆನಪಾಗುವುದಿಲ್ಲ. ಐದು ವರ್ಷದೊಳಗಿನ ಮಗುವನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬೇಡಿ, ಅದು ಎಷ್ಟೇ ಒಳ್ಳೆಯ ನಾಯಿಯಾಗಿರಲಿ. ಆ ಎತ್ತರಕ್ಕೆ ಕಡಿತ ಬೀಳುವುದು ಮುಖಕ್ಕೆ, ತಲೆಗೆ.

ಕಚ್ಚಿದರೆ ಮೊದಲ ಕೆಲಸ ತೊಳೆಯುವುದು. ಹರಿಯುವ ನೀರಿನಲ್ಲಿ, ಸಾಬೂನು ಹಾಕಿ, ಗಡಿಯಾರ ನೋಡಿಕೊಂಡು 15 ನಿಮಿಷ. ಆಮೇಲೆ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಖಾರದಪುಡಿ, ಸುಣ್ಣ, ಎಣ್ಣೆ ಯಾವುದೂ ಬೇಡ. ಗಾಯ ಬಿಗಿಯಾಗಿ ಕಟ್ಟಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಮದ್ದು ಕೂಡ ಬೇಕಾಗಬಹುದು, ಅದನ್ನು ವೈದ್ಯರಲ್ಲಿ ನೀವಾಗಿಯೇ ಕೇಳಿ. ಕಚ್ಚಿದ ನಾಯಿಯನ್ನು ಅಥವಾ ಬೆಕ್ಕನ್ನು 10 ದಿನ ಕಣ್ಣಿಟ್ಟು ನೋಡುವುದು ಸರಿಯೇ, ಆದರೆ ಆ 10 ದಿನ ಮುಗಿಯಲಿ ಅಂತ ಲಸಿಕೆ ತಡ ಮಾಡಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ದಯವಿಟ್ಟು ಇದರಲ್ಲಿ ಯಾರೂ ಉದಾಸೀನ ಮಾಡಬೇಡಿ.

ನಾಯಿಗೆ ಮೊದಲ ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಮುಂದಿನದು ಒಂದು ವರ್ಷಕ್ಕೆ, ಆಮೇಲೆ ಲಸಿಕೆಯ ಬಗೆ ಮತ್ತು ಅಲ್ಲಿನ ನಿಯಮ ನೋಡಿ. ಮೊದಲ ಸಲ ಹಾಕಿಸಿದ ಮೇಲೆ 28 ದಿನ ಕಳೆದರಷ್ಟೇ ರಕ್ಷಣೆ ಬಂತು ಅಂತ ಲೆಕ್ಕ. ದೂರದ ಮನೆಗಳಿಗೆ ಲಸಿಕೆ ಒಯ್ಯುವಾಗ ಒಂದು ಎಚ್ಚರ ಬೇಕು: ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಜೇಬಿನಲ್ಲಿಟ್ಟು ತಂದರೂ ಕೆಡುತ್ತದೆ, ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಐಸ್ ಪ್ಯಾಕಿಗೂ ಸೀಸೆಗೂ ನಡುವೆ ಬಟ್ಟೆ ಇಡಿ. ಏಳೆಂಟು ಮನೆಯವರು ಒಂದೇ ದಿನ ಗೊತ್ತು ಮಾಡಿದರೆ ವೈದ್ಯರೇ ಪೆಟ್ಟಿಗೆ ಸಮೇತ ಬರುವಂತೆ ಕೇಳಬಹುದು.

ಬೆಳ್ಳಿಮೀಸೆ

ನಾಯಿಗೆ ಚಿಪ್ ಹಾಕಿಸಿದರೆ ಕಳೆದುಹೋದಾಗ ಫೋನಿನಲ್ಲಿ ಕಾಣುತ್ತದಂತೆ, ನಿಜವೇ ಡಾಕ್ಟ್ರಮ್ಮ?

ಪಶುವೈದ್ಯೆ

ಇಲ್ಲ ಅಜ್ಜ. ಮೈಕ್ರೋಚಿಪ್ ಅಂದರೆ ಅಕ್ಕಿಕಾಳಿನಷ್ಟು ದೊಡ್ಡದು, ಹೆಗಲ ಮೂಳೆಗಳ ನಡುವೆ ಚರ್ಮದಡಿ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದರೆ 15 ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಆ ಸಂಖ್ಯೆಗೆ ನಿಮ್ಮ ಫೋನು, ವಿಳಾಸ ನೋಂದಣಿಯಾಗಿದ್ದರೆ ಮಾತ್ರ ಉಪಯೋಗ. ಸಿಮ್ ಬದಲಿಸಿದಾಗ ಅಲ್ಲಿ ತಿದ್ದುವುದನ್ನು ಜನ ಮರೆಯುತ್ತಾರೆ, ಚಿಪ್ ಇದ್ದೂ ನಾಯಿ ಅನಾಥವಾಗುತ್ತದೆ. ಹಳ್ಳಿಗಾಡಿನಲ್ಲಿ ಮೊದಲು ಕೈಗೆ ಬರುವುದು ಕೊರಳಪಟ್ಟಿಯ ಬಿಲ್ಲೆ. ಅದರ ಮೇಲೆ ಎರಡು ಫೋನ್ ಸಂಖ್ಯೆ ಕೊರೆಸಿ, ಒಂದು ನಿಮ್ಮದು, ಒಂದು ನೆರೆಯವರದು. ಜಾಗ ಉಳಿದರೆ ಮನೆ ಸಂಖ್ಯೆ. ನಾಯಿಯ ಹೆಸರು ಬೇಕಾಗಿಲ್ಲ. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು, ಬೆಳೆಯುವ ಮರಿಗೆ ವಾರಕ್ಕೊಮ್ಮೆ ನೋಡಿ.

ಕವಲುದಾರಿ

ಪಕ್ಕದ ಮನೆಯ ಬೆಕ್ಕುಗಳೂ ಎಲ್ಲರ ಮನೆಗೂ ಬರುತ್ತವೆ. ಅವಕ್ಕೂ ಅದೇ ಪಟ್ಟಿ ಆಗುತ್ತದೆಯೇ? ನಾಯಿಗೆ ತಂದ ಉಣ್ಣೆಹುಳದ ಔಷಧ ಹಚ್ಚಬಹುದೇ?

ಪಶುವೈದ್ಯೆ

ಎರಡೂ ಬೇಡ. ಬೆಕ್ಕು ಬೇಲಿ, ಕೊಂಬೆಗಳ ನಡುವೆ ನುಸುಳುವ ಪ್ರಾಣಿ. ಪಟ್ಟಿ ಸಿಕ್ಕಿಕೊಂಡರೆ ನೇಣಾಗುತ್ತದೆ. ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವ ಕೊಂಡಿಯ ಪಟ್ಟಿ ಸಿಗುತ್ತದೆ, ಅದನ್ನೇ ಹಾಕಿ.

ನಾಯಿಯ ಉಣ್ಣೆ ಔಷಧಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದು ಬೆಕ್ಕಿಗೆ ವಿಷ, ನಡುಕ, ಸೆಳೆತ ಬಂದು ಸಾಯಬಹುದು. ಆ ಔಷಧ ಹಚ್ಚಿದ ನಾಯಿಯ ಮೈಗೆ ಒರಗಿ ಬೆಕ್ಕು ಮಲಗದಂತೆ ಪೂರ್ತಿ ಒಣಗುವ ತನಕ ದೂರವಿಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ಅರ್ಧ ಮಾತ್ರೆಯೂ ಕೂಡದು. ಇಲಿಪಾಷಾಣ ಇಡುವವರು ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಪೊಟ್ಟಣ ಎಸೆಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣವಾದರೆ ಲಕ್ಷಣ ಕಾಣುವುದು ಮೂರು ನಾಲ್ಕು ದಿನ ಕಳೆದ ಮೇಲೆ, ಒಸಡು ಬಿಳಿಚಿ ರಕ್ತ ಒಸರುವಾಗ. ತಿಂದದ್ದು ಗೊತ್ತಾದ ಕೂಡಲೇ ಪೊಟ್ಟಣದ ಸಮೇತ ಒಯ್ದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು.